ನಿಮ್ಮ ಅತ್ತೆಯ ಮೆತ್ತನೆ ಕೈ

ಆವರಗೆರೆ, ದಾವಣಗೆರೆ
೧೨ ನವೆಂಬರ್ ೨೦೨೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ದುರ್ಗಾ,

ಹೇಗಿದ್ದೀಯ ತಾಯಿ? ಹೊಟ್ಟೆ ತುಂಬ ಊಟ ಹಾಕುತ್ತಾರೋ ಇಲ್ಲವೋ? ಭಾನುವಾರ ಫೋನಿನಲ್ಲಿ ನಿನ್ನ ದನಿ ನೆಗಡಿ ಹಿಡಿದ ಹಾಗಿತ್ತು. ಪೊಲೀಸ್ ಆಗುವವಳಿಗೆ ನೆಗಡಿ ಒಂದು ಲೆಕ್ಕವೇ ಅನ್ನಬೇಡ, ಮೆಣಸಿನ ಕಷಾಯ ಸಿಕ್ಕರೆ ಕುಡಿ. ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿವೆ ಅಂದೆಯಲ್ಲ, ಅವನ್ನು ಉಗುರಿನಿಂದ ಒಡೆಯಬೇಡ. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚು. ಮೊದಮೊದಲು ಹಾಗೇ, ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಉರಿಯುತ್ತದೆ, ಮತ್ತೆ ಅದೇ ಜಾಗದಲ್ಲಿ ಏಳುತ್ತದೆ. ಆಮೇಲೆ ಜಡ್ಡು ಕೂತುಬಿಟ್ಟರೆ ಬೂಟಿನೊಳಗೆ ಮುಳ್ಳು ಬಿದ್ದರೂ ಗೊತ್ತಾಗುವುದಿಲ್ಲ. ಇಲ್ಲಿ ನಿಮ್ಮ ಅಪ್ಪ ಚೆನ್ನಾಗಿದ್ದಾರೆ. ಎಪಿಎಂಸಿಯಲ್ಲಿ ಈಗ ಮೆಕ್ಕೆಜೋಳದ ಸುಗ್ಗಿ, ದಿನವಿಡೀ ಚೀಲ ಹೊತ್ತು ಬಂದು ಕುಕ್ಕರಿಸುತ್ತಾರೆ. ಹೆಗಲ ಮೇಲಿನ ಆ ಗಂಟು ಹಾಗೇ ಇದೆ, ನೀನು ಸಣ್ಣವಳಿದ್ದಾಗ ಅದರ ಮೇಲೆ ಗದ್ದ ಊರಿಕೊಂಡು ಮಲಗುತ್ತಿದ್ದೆ.

ಈ ಕಾಲದಲ್ಲಿ ಕಾಗದ ಯಾಕೆ ಬರೆಯುತ್ತಿದ್ದಾಳೆ ಅವ್ವ ಅಂತ ನಗಬೇಡ. ನಿಮ್ಮ ತರಬೇತಿ ಶಾಲೆಯವರು ವಾರಕ್ಕೊಮ್ಮೆ ಫೋನು ಕೈಗೆ ಕೊಡುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಹರಿಹರಕ್ಕೆ, ನಿನ್ನ ಗಂಡನ ಮನೆಗೆ, ಉಳಿದಿದ್ದು ನಮಗೆ. ನಮಗೆ ಬಂದಾಗಲೂ ನಿಮ್ಮ ಅಪ್ಪನ ಫೋನು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ, ಪಕ್ಕದಲ್ಲಿ ರೊಟ್ಟಿ ಕೆಲಸಕ್ಕೆ ಬರುವ ಉಚ್ಚೆಂಗೆಮ್ಮ ಹಿಟ್ಟು ನಾದುತ್ತಾ ಕಿವಿ ಈ ಕಡೆಗೇ ಇಟ್ಟಿರುತ್ತಾಳೆ. ಮೊನ್ನೆ ಭಾನುವಾರ ಸಂಜೆ ನೀನು, ಹರಿಹರಕ್ಕೆ ಹೋಗಿದ್ದೆಯಂತಲ್ಲ, ಕೂಸು ಹೇಗಿದೆ ಅಂತ ಕೇಳಿದ ಕೂಡಲೇ ನಾನು ಫೋನನ್ನು ನಿಮ್ಮ ಅಪ್ಪನ ಕೈಗೆ ಕೊಟ್ಟು ಒಳಗೆ ಹೋದೆ. ನೀನು ಗಾಬರಿಯಾದೆ ಅಂತ ಆಮೇಲೆ ಅವರು ಬೈದರು. ಗಾಬರಿಯಾಗುವಂಥದ್ದೇನೂ ಇಲ್ಲ, ಕೂಸು ಗುಂಡಗೆ ಇದೆ. ಕೆಟ್ಟಿರುವುದು ನಾನು. ಅದನ್ನೇ ಬರೆಯುತ್ತಿದ್ದೇನೆ, ಪೂರ್ತಿ ಓದು, ಅರ್ಧಕ್ಕೆ ಮಡಚಿ ಟ್ರಂಕಿಗೆ ಹಾಕಬೇಡ.

ನೇರವಾಗಿ ಹೇಳಿಬಿಡುತ್ತೇನೆ. ನನಗೆ ನಿಮ್ಮ ಅತ್ತೆಯ ಮೇಲೆ ಹೊಟ್ಟೆಕಿಚ್ಚು. ಇವತ್ತಿನದಲ್ಲ. ಮದುವೆ ಮಾತಿಗೆ ಅಂತ ಮೊದಲ ಸಲ ಅವರ ಮನೆಗೆ ಹೋದಾಗ ಮೀನಾಕ್ಷಮ್ಮ ಟೀ ಲೋಟ ನನ್ನ ಕೈಗೆ ಕೊಟ್ಟಳಲ್ಲ, ಅವತ್ತೇ ಆಕೆಯ ಬೆರಳು ನೋಡಿದ್ದೆ. ಅರವತ್ತರ ಹತ್ತಿರ ಬಂದಿರುವ ಹೆಂಗಸು, ಕೈ ನೋಡಿದರೆ ಮದುಮಗಳ ಕೈ. ಪಾತ್ರೆ ತಿಕ್ಕುವುದಕ್ಕೆ ಒಬ್ಬಳು ಬರುತ್ತಾಳೆ, ಬಟ್ಟೆಗೆ ಮಿಷನ್ನು, ರೊಟ್ಟಿ ಬೇಕಾದರೆ ಅಂಗಡಿಯಿಂದ. ಮೆತ್ತಗೆ ಇರದೆ ಇನ್ನೇನು? ಕೂಸಿಗೆ ಹೆಸರಿಡುವಾಗಲೂ ಆಕೆಯದೇ ನಡೆಯಿತು. ಇಂಚರ ಅಂತೆ. ಅದಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ, ನಾನು ಪುಟ್ಟಿ ಅಂತಲೇ ಕರೆಯುತ್ತೇನೆ. ಅದಕ್ಕೂ ಆಕೆ ನಕ್ಕು ಸುಮ್ಮನಾಗುತ್ತಾಳೆ. ಜಗಳವಾಡುವ ಬೀಗತಿ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಈಕೆ ಒಳ್ಳೆಯವಳು, ಅದೇ ನನ್ನ ಕರ್ಮ.

ತೊಟ್ಟಿಲಿಗೆ ಹಾಕುವ ದಿನ ನಿನಗೆ ನೆನಪಿದೆಯಲ್ಲ. ಮುತ್ತೈದೆಯರೆಲ್ಲ ಕೂತಿದ್ದರು. ಕೂಸನ್ನು ತೊಟ್ಟಿಲ ಕೆಳಗಿನಿಂದ ದಾಟಿಸಿ ಕೊಡಬೇಕು ಅಂತ ನಾನು ಎರಡೂ ಕೈ ಚಾಚಿದೆ. ನಿಮ್ಮ ಅತ್ತೆ ಎಲ್ಲರ ಎದುರಿಗೆ, "ಒಂಚೂರು ತಡೀರಿ ಯಲ್ಲಕ್ಕ, ನಿಮ್ಮ ಕೈ ಬಾಳ ಒರಟು ಅದಾವೆ, ಕೂಸಿಗೆ ಗೀರು ಬಿದ್ದಾವು" ಅಂತ ಹೇಳಿ ನನ್ನ ಅಂಗೈ ಮೇಲೆ ಟವೆಲು ಹಾಸಿದಳು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಗೊತ್ತು. ಅವತ್ತು ನಾನು ಹೋಳಿಗೆ ತಿನ್ನಲಿಲ್ಲ, ಹಲ್ಲುನೋವು ಅಂದೆ.

ಈ ಕೈ ಯಾಕೆ ಒರಟಾಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ನೀನು ಹುಟ್ಟುವುದಕ್ಕೆ ಮೊದಲಿನಿಂದ ಈ ಊರಿನ ಹೋಟೆಲು, ಮೆಸ್ಸು, ಕಲ್ಯಾಣ ಮಂಟಪಗಳಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದೇನೆ. ಕುದಿಯುವ ಎಸರು ಹಾಕಿದ ಹಿಟ್ಟನ್ನು ಬಿಸಿ ಇರುವಾಗಲೇ ನಾದಬೇಕು, ಆರಿದರೆ ರೊಟ್ಟಿ ಅಂಚು ಒಡೆಯುತ್ತದೆ. ಹಂಚಿನ ಮೇಲಿಂದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ, ಕೆಂಡಕ್ಕೆ ಒರಗಿಸಿ, ಬರಿಗೈಯಲ್ಲೇ ತೆಗೆಯುತ್ತೇನೆ. ಅಂಗೈ ಬುಡದಲ್ಲಿ, ಬೆರಳ ಸಂದಿಯಲ್ಲಿ, ಹೆಬ್ಬೆರಳಿನ ಪಕ್ಕದಲ್ಲಿ ಜಡ್ಡು ಕೂತು ಬಿಲ್ಲೆಗಳ ಹಾಗಾಗಿದ್ದವು. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಜನ ನನ್ನ ಮನಸ್ಸೂ ಹಾಗೇ ಅಂದುಕೊಂಡಿದ್ದಾರೆ. ಹೋಟೆಲಿನವರು ರೊಟ್ಟಿ ತಡವಾಯಿತು ಅಂತ ಬಾಯಿಗೆ ಬಂದ ಹಾಗೆ ಬೈಯುತ್ತಾರೆ, ನಾನು ಸೆರಗು ಕೊಡವಿ ಎದ್ದು ಬರುತ್ತೇನೆ, ಯಲ್ಲಕ್ಕನದು ದಪ್ಪ ಚರ್ಮ ಬಿಡು ಅನ್ನುತ್ತಾರೆ. ನಿಜ, ಪರರ ಮಾತು ನನಗೆ ನಾಟುವುದಿಲ್ಲ. ನಿನ್ನ ಮಾತು ನಾಟುತ್ತದೆ.

ನೀನು ಹೊರಡುವ ದಿನ ಹೇಳಿದ ಮಾತು. ಎಂದೋ ಬರೆದ ಪರೀಕ್ಷೆ, ಎಂದೋ ಓಡಿದ ಓಟ, ಆರ್ಡರು ಬಂದಿದ್ದು ಕೂಸು ಅಂಬೆಗಾಲಿಡುವ ಹೊತ್ತಿಗೆ. ಬಿಡಬಾರದು, ಹೋಗು ಅಂತ ಮೊದಲು ಹೇಳಿದವಳು ನಾನೇ. ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಅಂತ ತೊಟ್ಟಿಲಿಗೆ ಹೊಸ ಹಗ್ಗ ಕೂಡ ತಂದಿದ್ದೆ. ನೀನು ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಮುಖ ನೋಡದೆ, "ಅವ್ವ, ನೀ ಬ್ಯಾಸರ ಮಾಡ್ಕೋಬ್ಯಾಡ. ಅತ್ತೇರ ಕೈ ಮೆತ್ತಗೈತೆ, ಕೂಸು ಅಲ್ಲೇ ಇರ್ಲಿ" ಅಂದೆ. ನಮ್ಮನೆಯಲ್ಲಿ ದಿನವಿಡೀ ಹೊಗೆ, ಎರಡು ಒಲೆ, ಕೂಸು ತೆವಳಿಕೊಂಡು ಬೆಂಕಿಗೆ ಹೋದರೆ ಕಷ್ಟ. ಅದನ್ನು ಹೇಳಿದ್ದರೆ ನಾನು ಒಪ್ಪುತ್ತಿದ್ದೆ. ನೀನು ಕೈ ಮಾತು ಆಡಿದೆ. ಬಾಣಂತನದ ಐದು ತಿಂಗಳು ಇದೇ ಕೈಯಲ್ಲಿ ಪುಟ್ಟಿಗೆ ಎಣ್ಣೆ ತಿಕ್ಕಿದೆ, ನೀರೆರೆದೆ, ಲೋಬಾನ ಹಾಕಿದೆ, ಬೆನ್ನು ಸವರಿ ಮಲಗಿಸಿದೆ. ಆಗ ನಿನಗೆ ಒರಟು ಅನ್ನಿಸಲಿಲ್ಲ. ಸಣ್ಣವಳಿದ್ದಾಗ ನೀನೂ ನಾನು ಜಡೆ ಹೆಣೆಯುವಾಗ ಕೈ ಚುಚ್ಚುತ್ತದೆ ಅಂತ ಅಳುತ್ತಿದ್ದೆ, ಆದರೆ ಮಲಗುವಾಗ ಬೆನ್ನು ಕೆರೆಯುವುದಕ್ಕೆ ಈ ಕೈನೇ ಬೇಕಿತ್ತು ನಿನಗೆ. ಹೋಗಲಿ ಬಿಡು.

ನಿನ್ನ ಬಸ್ಸು ಹೋದ ಮೇಲೆ ನಾನು ಏನು ಮಾಡಿದೆ ಗೊತ್ತಾ? ನೇರ ಮೆಡಿಕಲ್ ಶಾಪಿಗೆ ಹೋದೆ. ಕೈ ಮೆತ್ತಗಾಗುವ ಮುಲಾಮು ಕೊಡಪ್ಪಾ ಅಂದೆ. ಆತ ಮದುವೆ ಇದೆಯಾ ಅಜ್ಜಿ ಅಂತ ಕೇಳಿದ. ಇದೆ, ನಂದೇ ಅಂದೆ. ಆವತ್ತಿನಿಂದ ದಿನಾ ಸಂಜೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂರುವುದು, ಕಾಲು ಉಜ್ಜುವ ಕಲ್ಲಿನಲ್ಲಿ ಅಂಗೈ ಉಜ್ಜುವುದು, ಮುಲಾಮು, ಅದರ ಮೇಲೆ ಬೆಣ್ಣೆ. ದೋಸೆಗೆ ಅಂತ ತಂದ ಬೆಣ್ಣೆ ಎಲ್ಲಿ ಹೋಯಿತು ಅಂತ ನಿಮ್ಮ ಅಪ್ಪ ಹುಡುಕಿದ್ದೇ ಹುಡುಕಿದ್ದು. ರೊಟ್ಟಿ ಬಡಿಯುವ ಕೆಲಸ ಉಚ್ಚೆಂಗೆಮ್ಮನಿಗೆ ವಹಿಸಿದೆ, ನಾನು ಲಟ್ಟಣಿಗೆ ಹಿಡಿದೆ. ನಾನು! ಲಟ್ಟಿಸಿದ ರೊಟ್ಟಿ ನೋಡಿದರೆ ಮೂಗು ಮುರಿಯುತ್ತಿದ್ದವಳು ನಾನೇ ಲಟ್ಟಿಸಿದೆ. ಮೆಸ್ಸಿನ ನಾಗರಾಜಪ್ಪ ಎರಡನೇ ದಿನಕ್ಕೇ ಕಂಡುಹಿಡಿದು ರೊಟ್ಟಿಯ ಕೈ ಬದಲಾಗಿದೆಯಲ್ಲ ಅಂದರು. ಜ್ವರ ಬಂದಿತ್ತು ಅಂತ ಸುಳ್ಳು ಹೇಳಿದೆ. ನಿಮ್ಮ ಅಪ್ಪನಿಗೆ ಮಾತ್ರ ಎಲ್ಲ ಗೊತ್ತಾಯಿತು. ಒಂದು ದಿನ ಅವರು ಊಟ ಮಾಡುತ್ತಾ, ನಾನೂ ಹೆಗಲ ಗಂಟು ಕೆತ್ತಿಸಿಕೊಂಡು ಬರಲಾ, ಇಬ್ಬರೂ ಹರಿಹರದವರಾಗೋಣ ಅಂತ ಕಿಚಾಯಿಸಿದರು. ನನಗೆ ನಗು ಬರಲಿಲ್ಲ. ಒಂದೊಂದೇ ಜಡ್ಡು ಸಿಪ್ಪೆ ಸುಲಿದು, ಒಳಗಿನಿಂದ ತಿಳಿಗೆಂಪು ಚರ್ಮ ಬಂತು. ಯಾರದೋ ಕೈ ತಂದು ಅಂಟಿಸಿದ ಹಾಗಿತ್ತು. ಟೀ ಲೋಟ ಹಿಡಿದರೆ ಚುರ್ ಅನ್ನುತ್ತಿತ್ತು. ಆದರೂ ಕನ್ನಡಿ ನೋಡಿಕೊಳ್ಳುವ ಹುಡುಗಿಯ ಹಾಗೆ ಹತ್ತು ಸಲ ಅಂಗೈ ನೋಡಿಕೊಂಡೆ. ಈಗ ಹೋಗಿ ಪುಟ್ಟಿಯನ್ನು ಎತ್ತಿಕೊಳ್ಳುತ್ತೇನೆ, ಯಾರು ಟವೆಲು ಹಾಸುತ್ತಾರೋ ನೋಡೋಣ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಹೊಸ ಇಳಕಲ್ ಸೀರೆ ಉಟ್ಟು, ಮೆಣಸಿನಕಾಯಿ ಮಂಡಕ್ಕಿ ಕಟ್ಟಿಸಿಕೊಂಡು ಹರಿಹರದ ಬಸ್ಸು ಹತ್ತಿದೆ. ಅಳಿಯಂದಿರು ಬಾಗಿಲಲ್ಲೇ ಇದ್ದರು, ಬರ್ರಿ ಅತ್ತೆ ಅಂದರು. ಒಳಗೆ ಹೋದರೆ ನಿಮ್ಮ ಅತ್ತೆ ನೆಲದ ಮೇಲೆ ಚಾಪೆ ಹಾಸಿ ಪುಟ್ಟಿಯನ್ನು ಬೋರಲು ಮಲಗಿಸಿಕೊಂಡು ಬೆನ್ನು ಸವರುತ್ತಿದ್ದಾಳೆ. ಆಕೆಯ ಬಲಗೈಗೆ ಏನೋ ಸುತ್ತಿತ್ತು. ಗಾಯವಾಗಿದೆಯಾ ಅಂತ ನೋಡಿದರೆ ಗೋಣಿತಟ್ಟು. ಹಳೇ ಅಕ್ಕಿ ಚೀಲದ ತುಂಡು, ತೊಳೆದು ತೊಳೆದು ಬಣ್ಣ ಹೋಗಿದೆ. ಮೆತ್ತನೆ ಕೈಯ ಮೀನಾಕ್ಷಮ್ಮ ಗೋಣಿತಟ್ಟು ಸುತ್ತಿಕೊಂಡು ಕೂತಿದ್ದಾಳೆ. ನಾನು ಏನಿದು ಅಂತ ಕೇಳುವ ಮೊದಲೇ ಆಕೆಗೆ ನಾಚಿಕೆಯಾಯಿತು, ಸರಿದು ಕೂತು ಎಲ್ಲ ಹೇಳಿದಳು. ನೀನು ಹೋದ ಮೇಲೆ ಕೂಸು ನಿದ್ದೆಯನ್ನೇ ಮಾಡಲಿಲ್ಲವಂತೆ. ಹಾಲು ಕುಡಿಯುತ್ತದೆ, ಕಣ್ಣು ಮುಚ್ಚುತ್ತದೆ, ಬೆನ್ನ ಮೇಲೆ ಆಕೆ ಕೈಯಿಟ್ಟ ಕೂಡಲೇ ಕಿರ್ರೋ ಅನ್ನುತ್ತದೆ. ಡಾಕ್ಟರಿಗೆ ತೋರಿಸಿದರು, ದೃಷ್ಟಿ ತೆಗೆದರು, ಪೀರಲ ದೇವರ ಗುಡಿಗೂ ಹೋಗಿಬಂದರು. ಒಂದು ದಿನ ಹೊರಳಿಕೊಂಡು ಹೋಗಿ ಮೂಲೆಯಲ್ಲಿದ್ದ ಅಕ್ಕಿ ಚೀಲಕ್ಕೆ ಬೆನ್ನು ತಾಗಿಸಿದ್ದೇ ತಡ, ಸುಮ್ಮನಾಗಿ ಅಲ್ಲೇ ನಿದ್ದೆ ಹೋಯಿತಂತೆ. ಆಗ ಆಕೆಗೆ ಹೊಳೆದಿದೆ. "ಐದು ತಿಂಗ್ಳು ನೀವು ಸವರಿದ್ರಲ್ರೀ, ಆ ಕೈ ಬೇಕಂತೆ ಇದಕ್ಕೆ. ನಂದು ಕೈಯೇ ಅಲ್ಲ ಅಂತೈತೆ ನಿಮ್ಮ ಮೊಮ್ಮಗಳು" ಅಂದಳು.

ದುರ್ಗಾ, ಇಷ್ಟು ದಿನ ನಾನು ಯಾವ ಮಾತು ಕೇಳಬೇಕು ಅಂತ ಸಾಯುತ್ತಿದ್ದೆನೋ ಆ ಮಾತನ್ನು ಆಕೆಯ ಬಾಯಿಂದಲೇ ಕೇಳಿದೆ. ಕುಣಿದಾಡಬೇಕಿತ್ತು. ಅದರ ಬದಲು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ನಿಮ್ಮ ಅತ್ತೆ ತಟ್ಟು ಬಿಚ್ಚಿ ಪಕ್ಕಕ್ಕಿಟ್ಟು, ನಿಜವಾದ ಕೈ ಬಂತಲ್ಲ, ಇನ್ನು ಇದ್ಯಾಕೆ ಅಂತ ನಗುತ್ತಾ ಪುಟ್ಟಿಯನ್ನು ನನ್ನ ತೊಡೆ ಮೇಲೆ ಹಾಕಿದಳು. ಬೇರೆ ದಾರಿ ಇರಲಿಲ್ಲ, ಬೆನ್ನ ಮೇಲೆ ಕೈಯಿಟ್ಟೆ. ಅದು ತಲೆ ಎತ್ತಿ ನನ್ನ ಮುಖ ನೋಡಿತು. ಮುಖ ಗುರುತಿದೆ ಅನ್ನುವ ಹಾಗೆ ನೋಡಿತು, ಮತ್ತೆ ತಲೆ ಇಳಿಸಿತು. ಸವರಿದೆ. ಮೈ ಬಿಗಿ ಮಾಡಿಕೊಂಡಿತು. ಇನ್ನೊಮ್ಮೆ ಸವರಿದೆ, ನಾನು ಹೇಳುತ್ತಿದ್ದ ಜೋಗುಳದ ಪದವನ್ನೂ ಹೇಳಿದೆ. ಅತ್ತುಬಿಟ್ಟಿತು. ಸುಮ್ಮನೆ ಅತ್ತಿದ್ದಲ್ಲ, ಮೋಸ ಹೋದವರು ಅಳುವ ಹಾಗೆ ಅತ್ತಿತು, ಎರಡೂ ಕೈ ನಿಮ್ಮ ಅತ್ತೆಯ ಕಡೆಗೆ ಚಾಚಿಕೊಂಡು. ಆಕೆಗೆ ಏನೂ ತಿಳಿಯಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದು, ತಿರುಗಿಸಿ, ಅಂಗೈ ನೋಡಿದಳು. ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ಯಲ್ಲಕ್ಕ, ನಿಮ್ಮ ಕೈ ಎಲ್ಲಿ ಹೋತ್ರಿ?" ಅಂದಳು.

ನಾನು ಕೈ ಬಿಡಿಸಿಕೊಂಡೆ. ಆಕೆ ಮತ್ತೆ ತಟ್ಟು ಸುತ್ತಿಕೊಂಡು ಪುಟ್ಟಿಯನ್ನು ತೆಗೆದುಕೊಂಡಳು, ನಾಲ್ಕು ಸಲ ಸವರಿದಳು, ಅದು ಬೆರಳು ಚೀಪುತ್ತಾ ಮಲಗಿತು. ನಾನು ಅಲ್ಲೇ ಕೂತು ನೋಡಿದೆ. ಇಷ್ಟು ದಿನ ನಿಮ್ಮ ಅತ್ತೆಯ ಮೇಲೆ ಹೊಟ್ಟೆ ಉರಿದಿದ್ದು ಒಂದು ತೂಕ, ಆ ಗಳಿಗೆಯಲ್ಲಿ ಆ ಗೋಣಿತಟ್ಟಿನ ಮೇಲೆ ಉರಿದಿದ್ದು ಒಂದು ತೂಕ. ಆ ಜಾಗ ನನ್ನದು. ನನ್ನ ಜಾಗದಲ್ಲಿ ಅಕ್ಕಿ ಚೀಲದ ತುಂಡು ಕೂತಿದೆ, ಅಲ್ಲಿ ಕೂರಿಸಿದವಳು ನಾನೇ. ಊಟಕ್ಕೆ ಕೂಡ್ರಿ ಅಂತ ಅಳಿಯಂದಿರು ಎಷ್ಟು ಹೇಳಿದರೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾವಣಗೆರೆ ಬರುವ ತನಕ ಅಳುವುದೇ ಆಯಿತು. ಪಕ್ಕದಲ್ಲಿದ್ದ ಹೆಂಗಸು ಯಾರಾದರೂ ಹೋದರಾ ಅಂತ ಕೇಳಿದಳು. ಇಲ್ಲಮ್ಮ, ಗಾಳಿಗೆ ಕಣ್ಣು ಉರಿಯುತ್ತಿದೆ ಅಂದೆ.

ನಿನ್ನೆ ಬೆಳಿಗ್ಗೆ ಉಚ್ಚೆಂಗೆಮ್ಮನನ್ನು ಪಕ್ಕಕ್ಕೆ ಸರಿಸಿ ನಾನೇ ಒಲೆ ಮುಂದೆ ಕೂತೆ. ಲಟ್ಟಣಿಗೆಯನ್ನು ಅಟ್ಟಕ್ಕೆ ಎಸೆದೆ. ಎಸರು ಹಾಕಿದ ಹಿಟ್ಟಿಗೆ ಕೈ ಹಾಕಿದರೆ ಜೀವ ಹೋದಂತಾಯಿತು. ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಅಂಗೈ ತುಂಬ ಬೊಬ್ಬೆ. ಮೊದಲ ಸಲ ಒಲೆ ಮುಂದೆ ಕೂತ ಹೊಸ ಸೊಸೆಗೂ ಹೀಗಾಗುವುದಿಲ್ಲ. ಇವತ್ತು ಬಟ್ಟೆ ಕಟ್ಟಿಕೊಂಡು ಬಡಿದೆ, ಈ ಕಾಗದವನ್ನೂ ಹಾಗೇ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕಾಲಿನ ಹಾಗಿದ್ದರೆ ಬೈಯಬೇಡ. ನಿಮ್ಮ ಅಪ್ಪ ಈ ಸಲ ಕಿಚಾಯಿಸಲಿಲ್ಲ. ಪಕ್ಕದಲ್ಲಿ ಕೂತು ಬೊಬ್ಬೆ ಮೇಲೆ ಊದಿದರು. ಜಡ್ಡು ಕೂರುವುದಕ್ಕೆ ಎಷ್ಟು ದಿನ ಬೇಕೋ ಅಂತ ಕೇಳಿದೆ. ನನ್ನ ಹೆಗಲಿಗೆ ಎರಡು ಸುಗ್ಗಿ ಹಿಡಿಯಿತು ಅಂದರು. ಅಷ್ಟು ಹೊತ್ತಿಗೆ ಪುಟ್ಟಿ ಓಡಾಡುತ್ತಿರುತ್ತದೆ, ಬೆನ್ನು ಸವರಿಸಿಕೊಳ್ಳುವುದಕ್ಕೆ ಯಾರ ಹತ್ತಿರವೂ ಬರುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಸುಳ್ಳು ಬರೆದೆ, ಇದೆ, ಸ್ವಲ್ಪ. ಲಾಠಿ ಹಿಡಿದು, ಹಗ್ಗ ಹತ್ತಿ ನಿನ್ನ ಅಂಗೈಯೂ ಗಟ್ಟಿಯಾಗುತ್ತಿದೆ ಅಂದೆಯಲ್ಲ ಹೋದ ವಾರ, ನಿನ್ನೆ ಅದು ನೆನಪಾಗಿ ನಿನ್ನ ಮೇಲೂ ಹೊಟ್ಟೆಕಿಚ್ಚು ಪಟ್ಟೆ ಅಂದರೆ ನಂಬುತ್ತೀಯಾ? ಹಡೆದ ಮಗಳ ಮೇಲೆ! ಎಂಥ ತಾಯಿ ನಾನು. ಒಂದು ಮಾತು ನೆನಪಿಟ್ಟುಕೋ, ಅಲ್ಲಿ ಜೊತೆಗಿರುವ ಹುಡುಗಿಯರು ಕ್ರೀಮು ಗೀಮು ಹಚ್ಚಿಕೊ ಅಂದರೆ ಹಚ್ಚಿಕೊಳ್ಳಬೇಡ. ಕೈ ಹೇಗಿದೆಯೋ ಹಾಗೇ ಬಾ. ಊಟ ಬಿಡಬೇಡ, ತಲೆಗೆ ಎಣ್ಣೆ ಹಾಕಿಕೋ, ಸಾಹೇಬರ ಎದುರು ಮಾತಾಡಬೇಡ. ಉಚ್ಚಂಗಿ ದುರ್ಗದ ತಾಯಿ ನಿನ್ನನ್ನು ಕಾಯಲಿ, ಖಾಕಿ ಹಾಕಿಕೊಂಡು ನನ್ನ ಮುಂದೆ ಬಂದು ನಿಲ್ಲುವ ಹಾಗೆ ಮಾಡಲಿ. ಅಪ್ಪ, ನಿನ್ನನ್ನು ಕೇಳಿದೆ ಅಂತ ಹೇಳು ಅಂದರು. ಉಚ್ಚೆಂಗೆಮ್ಮನೂ ಹೇಳು ಅಂದಳು, ನಾನು ಏನು ಬರೆಯುತ್ತಿದ್ದೇನೆ ಅಂತ ಇಣುಕಿ ನೋಡುತ್ತಾ.

ನಿನ್ನ ಅವ್ವ
ಯಲ್ಲಕ್ಕ

ತಾ.ಕ.: ಕಾಗದ ಮಡಚಿ ಅಂಟು ಹಚ್ಚುವಾಗ ಅಳಿಯಂದಿರ ಫೋನು ಬಂತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಟಪಾಲಿಗೆ ಹೊತ್ತಾಯಿತು. ಈ ಅಮಾವಾಸ್ಯೆ ಕಳೆದ ಮೇಲೆ ನಿಮ್ಮ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಅಂತೆ, ಹದಿನೈದು ದಿನ ಕೂಸನ್ನು ಎತ್ತಿಕೊಳ್ಳುವ ಹಾಗಿಲ್ಲವಂತೆ. ಪುಟ್ಟಿಯನ್ನು ನನ್ನ ಹತ್ತಿರ ಬಿಡುತ್ತಾರಂತೆ. ನಾನು ಕೇಳಿಕೊಂಡಿದ್ದೆಲ್ಲ ಬರುತ್ತಿದೆ ನೋಡು, ಕೈ ಒಂದು ಬಿಟ್ಟು. ಒಲೆ ಎರಡನ್ನೂ ಹಿತ್ತಲಿಗೆ ಹಾಕಿಸುತ್ತೇನೆ, ಅದರ ಚಿಂತೆ ನಿನಗೆ ಬೇಡ. ನೀನು ಒಂದು ಕೆಲಸ ಮಾಡು. ಭಾನುವಾರ ಹರಿಹರಕ್ಕೆ ಫೋನು ಮಾಡಿದಾಗ, ಕೂಸಿನ ಬಟ್ಟೆ ಚೀಲದಲ್ಲಿ ಆ ಗೋಣಿತಟ್ಟಿನ ತುಂಡನ್ನೂ ಮರೆಯದೆ ಇಡಿ ಅಂತ ನಿಮ್ಮ ಅತ್ತೆಗೆ ಹೇಳು. ನಾನು ಹೇಳಿದೆ ಅನ್ನಬೇಡ, ನಿನಗೇ ನೆನಪಾಯಿತು ಅನ್ನು. ನಮ್ಮನೆಯಲ್ಲಿ ಜೋಳದ ಚೀಲ ಬೇಕಾದಷ್ಟಿವೆ, ಆದರೆ ಪುಟ್ಟಿಗೆ ಅದೇ ಬೇಕು. ಮತ್ತೆ, ಒಗೆದು ಕಳಿಸುವುದು ಬೇಡ ಅನ್ನು. ನಿಮ್ಮ ಅತ್ತೆಯ ಕೈ ವಾಸನೆ ಇದ್ದರೆ ಇರಲಿ, ಹಾಗೇ ಕಳಿಸಲಿ.